ಫೀ ಪಟ್ಟಿಯಲ್ಲಿ ಇಲ್ಲದ ಜ್ವರ

ಪ್ಲೇ ಹೋಮ್‌ನವರು ಕೊಡುವ ಫೀ ಪಟ್ಟಿಯಲ್ಲಿ ಎಲ್ಲವೂ ಇರುತ್ತದೆ. ಅಡ್ಮಿಷನ್, ಟರ್ಮ್ ಫೀ, ಯೂನಿಫಾರ್ಮ್, ಬಣ್ಣದ ಪೆನ್ಸಿಲ್ಲು, ವರ್ಷದ ಕೊನೆಗೆ ತಲೆಗೆ ಟೊಪ್ಪಿಗೆ ಹಾಕಿಸಿ ತೆಗೆಯುವ ‘ಗ್ರಾಜುಯೇಷನ್’ ಫೋಟೊ ಕೂಡ. ಜ್ವರ ಮಾತ್ರ ಇರುವುದಿಲ್ಲ. ಮಗಳನ್ನು ಸೇರಿಸಿದ ವರ್ಷ ನಮ್ಮ ಮನೆಯಲ್ಲಿ ಪಟ್ಟಿಯ ಆಚೆಗೆ ಆದ ಖರ್ಚು, ಪಟ್ಟಿಯೊಳಗಿನದಕ್ಕೆ ಹತ್ತಿರ ಹತ್ತಿರ ಬಂತು.

ಬೆಂಗಳೂರಿನಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಜೂನ್‌ನಲ್ಲೇ. ಅಲ್ಲಿಯವರೆಗೆ ಮನೆಯವರ ಕೆಮ್ಮು ಬಿಟ್ಟರೆ ಬೇರೆಯವರ ಕೆಮ್ಮು ಕಾಣದ ಮಗು ಇದ್ದಕ್ಕಿದ್ದಂತೆ ಹತ್ತು ಹದಿನೈದು ಮಕ್ಕಳ ಜೊತೆ ಒಂದೇ ಜಮಖಾನದ ಮೇಲೆ ಕೂರುತ್ತದೆ. ಒಬ್ಬರು ಬಾಯಿಗಿಟ್ಟ ಆಟಿಕೆ ಐದು ನಿಮಿಷಕ್ಕೆ ಇನ್ನೊಬ್ಬರ ಬಾಯಲ್ಲಿ. ನೆಗಡಿ ತರುವ ವೈರಸ್ಸುಗಳೇ ಇನ್ನೂರಕ್ಕೂ ಹೆಚ್ಚು ಬಗೆಯವು. ಒಂದು ಬಂದು ಹೋದರೆ ಇನ್ನೊಂದು ಬರಬಾರದೆಂದೇನೂ ಇಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಕೆಮ್ಮು ಬರುವುದು ಸಹಜ, ಹೊಸದಾಗಿ ಪ್ಲೇ ಹೋಮ್‌ಗೆ ಸೇರಿದವರಿಗೆ ಇನ್ನೂ ಹೆಚ್ಚು. ಒಂದೊಂದೂ ವಾರ ಹತ್ತು ದಿನ ಎಳೆಯುತ್ತದೆ. ಅಂದರೆ ಮಳೆಗಾಲ ಪೂರ್ತಿ ಗೊಣ್ಣೆ ಒರೆಸುವುದೇ ಕೆಲಸ. ನಡುವೆ ಒಂದು ವಾಂತಿ-ಭೇದಿ, ಒಂದು ಸಲ ಅಂಗೈ, ಅಂಗಾಲು, ಬಾಯಲ್ಲೆಲ್ಲ ಗುಳ್ಳೆ ಏಳುವ ಕೈ-ಕಾಲು-ಬಾಯಿ ರೋಗ. ನಮ್ಮ ಮಕ್ಕಳ ಡಾಕ್ಟರು ಕತ್ತು ಎತ್ತದೆಯೇ ಚೀಟಿ ಬರೆಯುತ್ತಾ ಹೇಳಿದ್ದು ಇಷ್ಟೆ: “ಮೊದಲನೇ ವರ್ಷ ಹೀಗೇನಮ್ಮ. ಈಗ ಬರದಿದ್ದರೆ ಒಂದನೇ ಕ್ಲಾಸಿನಲ್ಲಿ ಬರುತ್ತೆ.”

ಬರುವುದು ಖಚಿತ ಎಂದಾದ ಮೇಲೆ ಅದು ಆಕಸ್ಮಿಕ ಖರ್ಚಲ್ಲ, ಬಜೆಟ್ಟಿನಲ್ಲಿ ಬರೆದಿಡಬೇಕಾದ ಖರ್ಚು. ನನ್ನ ವಾದ ಇಷ್ಟೇ.

ಗೃಹಸಾಲದ ಕಂತು ಶುರುವಾದಾಗಿನಿಂದ ನನಗೆ ಖರ್ಚು ಬರೆದಿಡುವ ಅಭ್ಯಾಸ. ಆ ವರ್ಷದ ಪುಸ್ತಕದಲ್ಲಿ ಒಂದು ಸಾಧಾರಣ ಜ್ವರದ ಲೆಕ್ಕ ಹೀಗಿದೆ: ಡಾಕ್ಟರ ಫೀ 700, ಔಷಧಿ 450, ಆಟೊ 160. ಸುಮಾರು 1,300 ರೂಪಾಯಿ. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ರಕ್ತಪರೀಕ್ಷೆಯ ಖರ್ಚು ಬೇರೆ. ಬಹಳಷ್ಟು ಕ್ಲಿನಿಕ್ಕುಗಳಲ್ಲಿ ಕೆಲವು ದಿನಗಳೊಳಗೆ ಅದೇ ಕಾಯಿಲೆಗೆ ಮತ್ತೆ ತೋರಿಸಿದರೆ ಫೀ ಇರುವುದಿಲ್ಲ. ರಿಸೆಪ್ಷನ್‌ನಲ್ಲಿ ತಾವಾಗಿ ಹೇಳುವವರು ಕಡಿಮೆ, ನಾವೇ ಕೇಳಬೇಕು.

ಇದು ಕಣ್ಣಿಗೆ ಕಾಣುವ ಖರ್ಚು. ದೊಡ್ಡದು ಕಾಣದ್ದು, ಅಂದರೆ ರಜೆ. ತಿಂಗಳಿಗೆ 60,000 ಸಂಬಳ ಇರುವವರಿಗೆ ರಜೆ ಮುಗಿದ ಮೇಲೆ ಒಂದು ದಿನ ಮನೆಯಲ್ಲಿ ಕೂತರೆ 2,000 ರೂಪಾಯಿ ಕಡಿತ. ಜ್ವರ ಬಿಟ್ಟು ಒಂದು ದಿನ ಪೂರ್ತಿ ಕಳೆಯದೆ ಶಾಲೆಗೆ ಕಳಿಸುವಂತಿಲ್ಲ. ಹಾಗಾಗಿ ಒಂದು ಸಲ ಮೈ ಬಿಸಿಯಾದರೆ ಮೂರು ದಿನ ಹೋದಂತೆ. 1,300ರ ಜ್ವರಕ್ಕೆ 6,000ದ ರಜೆ. ಔಷಧಿ ಅಂಗಡಿಯಲ್ಲಿ ನಲವತ್ತು ರೂಪಾಯಿ ಉಳಿಸಲು ಎರಡು ಬೀದಿ ಸುತ್ತುವ ನಾವು ಈ ಲೆಕ್ಕದ ಕಡೆ ನೋಡುವುದೇ ಇಲ್ಲ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನ ಕಾಯಿಲೆ ರಜೆ ಕೊಡುತ್ತದೆ. ಮಗುವಿನ ಕಾಯಿಲೆಗೆಂದೇ ಪ್ರತ್ಯೇಕ ರಜೆ ಅದರಲ್ಲಿಲ್ಲ. ಕೇಂದ್ರ ಸರ್ಕಾರಿ ನೌಕರಿಯ ಮಹಿಳೆಯರಿಗೆ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ, ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಕೊಟ್ಟಿತು. ಖಾಸಗಿಯಲ್ಲಿ ದುಡಿಯುವ ನನ್ನಂಥವರಿಗೆ ಅದೆಲ್ಲ ಇಲ್ಲ. ಮಗುವಿಗೆ ಜ್ವರ ಬಂದಾಗ ಆಫೀಸಿಗೆ ‘ನನಗೆ ಜ್ವರ’ ಎಂದು ಮೆಸೇಜು ಹಾಕುವ ತಾಯಂದಿರು ಈ ಊರಿನಲ್ಲಿ ಎಷ್ಟಿದ್ದಾರೋ.

ರಜೆ ಯಾರು ಹಾಕಬೇಕು ಎನ್ನುವುದೂ ಹಣಕಾಸಿನ ಪ್ರಶ್ನೆಯೇ. ‘ಯಾರ ಸಂಬಳ ಕಡಿಮೆಯೋ ಅವರು ಮನೆಯಲ್ಲಿರಲಿ’ ಎನ್ನುವುದು ಸರಳ ಲೆಕ್ಕ, ಹಾಗಾಗಿಯೇ ಎಲ್ಲರ ಮನೆಯಲ್ಲೂ ಅದೇ ನಡೆಯುತ್ತದೆ. ಸಾಮಾನ್ಯವಾಗಿ ಹೆಂಡತಿಯ ಸಂಬಳವೇ ಕಡಿಮೆ. ಆಕೆ ಒಂದು ವರ್ಷ ಹೀಗೆ ರಜೆ ಹಾಕುತ್ತಾ ಹೋದರೆ ಮಾರ್ಚ್‌ನಲ್ಲಿ ಇನ್‌ಕ್ರಿಮೆಂಟು ಸೊರಗುತ್ತದೆ, ಮುಂದಿನ ವರ್ಷ ಆಕೆಯ ಸಂಬಳ ಇನ್ನೂ ಕಡಿಮೆ, ಹಾಗಾಗಿ ಮತ್ತೆ ಆಕೆಯದೇ ರಜೆ. ಇವತ್ತಿನ ಎರಡು ಸಾವಿರ ಉಳಿಸಲು ಹೋಗಿ ಇಪ್ಪತ್ತು ವರ್ಷದ ಗಳಿಕೆಗೆ ಕತ್ತರಿ ಹಾಕುವ ಲೆಕ್ಕ ಇದು. ನಾವು ಮನೆಯಲ್ಲಿ ಪಾಳಿ ಮಾಡಿಕೊಂಡೆವು. ಬೆಳಗಿನ ಅರ್ಧ ದಿನ ನನ್ನ ಗಂಡ, ಮಧ್ಯಾಹ್ನದ ಮೇಲೆ ನಾನು. ಇಬ್ಬರ ಮ್ಯಾನೇಜರಿಗೂ ಸ್ವಲ್ಪ ಸ್ವಲ್ಪ ಬೇಸರ, ಆದರೆ ಒಬ್ಬರಿಗೇ ಪೂರ್ತಿ ಬೇಸರವಾಗಲಿಲ್ಲ.

ಇಬ್ಬರಿಗೂ ಆಗದ ದಿನಗಳಿಗೆ ತಿಪಟೂರಿನ ಅಮ್ಮ. “ಏನೇ, ಮಗೂಗೆ ಮತ್ತೆ ಜ್ವರಾನಾ? ಬೆಳಗಿನ ಬಸ್ಸಿಗೆ ಬರ್ತೀನಿ ಬಿಡು” ಎಂದು ಫೋನಿಟ್ಟರೆ, ಹನ್ನೊಂದರ ಹೊತ್ತಿಗೆ ಚೀಲದ ತುಂಬ ತೆಂಗಿನಕಾಯಿ, ದೊಡ್ಡಪತ್ರೆ ಸೊಪ್ಪು ಹೊತ್ತುಕೊಂಡು ಬಾಗಿಲಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಬಸ್ ಖರ್ಚು ಸೊನ್ನೆ. ಸರ್ಕಾರದ ಆ ಯೋಜನೆಯ ಬಗ್ಗೆ ಯಾರು ಏನೇ ಅನ್ನಲಿ, ನನ್ನ ಖರ್ಚಿನ ಪುಸ್ತಕದಲ್ಲಿ ಅದು ಒಂದು ಜಮಾ ಸಾಲು. ಆದರೆ ಅಜ್ಜಿಗೂ ಅಂಟುತ್ತದೆ ಎಂಬುದನ್ನು ಮರೆಯಬೇಡಿ. ಬಿಪಿ ಮಾತ್ರೆ ನುಂಗುವ ಅರವತ್ತೈದರ ಅಜ್ಜಿಗೆ ಬರುವ ಫ್ಲೂ, ಮೊಮ್ಮಗಳ ಜ್ವರಕ್ಕಿಂತ ದುಬಾರಿ. ಅಮ್ಮನಿಗೆ ಫ್ಲೂ ಲಸಿಕೆ ಹಾಕಿಸಿದ್ದು ಆ ವರ್ಷದ ನಮ್ಮ ಒಳ್ಳೆಯ ಖರ್ಚುಗಳಲ್ಲಿ ಒಂದು.

‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಸಾಮಾನ್ಯ ಆರೋಗ್ಯ ವಿಮೆ ದುಡ್ಡು ಕೊಡುವುದು ಆಸ್ಪತ್ರೆಗೆ ಸೇರಿ 24 ಗಂಟೆಯಾದರೂ ಇದ್ದರೆ, ಇಲ್ಲವೇ ಡೇ ಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆಗೆ. ಪ್ಲೇ ಹೋಮ್ ಮಕ್ಕಳ ಹತ್ತು ಕಾಯಿಲೆಗಳಲ್ಲಿ ಒಂಬತ್ತು ಕ್ಲಿನಿಕ್ಕಿನ ಬೆಂಚಿನಲ್ಲೇ ಮುಗಿಯುವಂಥವು. ಅವಕ್ಕೆ ವಿಮೆಯಿಂದ ನಯಾಪೈಸೆ ಬರುವುದಿಲ್ಲ. ಹಾಗಂತ ಏಜೆಂಟರು ತೋರಿಸುವ ಓಪಿಡಿ ರೈಡರ್‌ಗೆ ಕೈ ಹಾಕುವ ಮೊದಲು ಪೆನ್ನು ಹಿಡಿಯಿರಿ. ವರ್ಷಕ್ಕೆ ಹೆಚ್ಚುವರಿ ಪ್ರೀಮಿಯಂ ಎಷ್ಟು, ಅದರಲ್ಲಿ ಗರಿಷ್ಠ ಸಿಗುವುದು ಎಷ್ಟು, ನಿಮ್ಮ ಡಾಕ್ಟರು ಅವರ ನೆಟ್‌ವರ್ಕಿನಲ್ಲಿ ಇದ್ದಾರೆಯೇ? ನಾನು ನೋಡಿದ ಪಾಲಿಸಿಯಲ್ಲಿ ಕೊಡುವುದಕ್ಕೂ ಬರುವುದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ನಮ್ಮದೇ ದುಡ್ಡನ್ನು ನಮಗೇ ವಾಪಸು ಕೊಡಲು ನಡುವೆ ಇನ್ನೊಬ್ಬರು ಯಾಕೆ?

ವಿಮೆ ಬೇಕಿರುವುದು ಆ ಹತ್ತನೆಯದಕ್ಕೆ. ನ್ಯುಮೋನಿಯಾ, ಡೆಂಗಿ, ಭೇದಿಯಿಂದ ಮೈಯ ನೀರೆಲ್ಲ ಬತ್ತಿಹೋಗುವುದು. ಇವು ಮೂರ್ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿಸುತ್ತವೆ, ಬಿಲ್ಲು ನೋಡಿದರೆ ಹೆತ್ತವರಿಗೂ ಒಂದು ಹಾಸಿಗೆ ಬೇಕೆನಿಸುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಆದ್ದರಿಂದ ಜೂನ್‌ನಲ್ಲಿ ಶಾಲೆ ಎಂದರೆ ಏಪ್ರಿಲ್‌ನಲ್ಲೇ ಪಾಲಿಸಿ ಕೈಯಲ್ಲಿರಬೇಕು. ಆಫೀಸಿನ ಗುಂಪು ವಿಮೆಯಲ್ಲಿ ಮಗುವಿನ ಹೆಸರು ನಿಜಕ್ಕೂ ಸೇರಿದೆಯೇ ಎಂದು ಎಚ್‌ಆರ್ ಪೋರ್ಟಲ್ಲಿನಲ್ಲಿ ಕಣ್ಣಾರೆ ನೋಡಿ. ಕೆಲಸ ಬಿಟ್ಟ ದಿನ ಆ ರಕ್ಷಣೆಯೂ ಹೋಗುತ್ತದೆ, ಸ್ವಂತದ್ದೊಂದು ಫ್ಯಾಮಿಲಿ ಫ್ಲೋಟರ್ ಇರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿ ಪೂರ್ತಿ ಹೋಗಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಪ್ರೀಮಿಯಂಗೆ 25,000ದವರೆಗೆ ವಿನಾಯಿತಿಯೂ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ.

ಪಾಲಿಸಿ ಓದುವಾಗ ರೂಮ್ ಬಾಡಿಗೆಯ ಮಿತಿ ನೋಡಿ. ಮಿತಿ ದಾಟಿದ ರೂಮ್ ತೆಗೆದುಕೊಂಡರೆ ಹೆಚ್ಚುವರಿ ಬಾಡಿಗೆ ಮಾತ್ರವಲ್ಲ, ಬಿಲ್ಲಿನ ಬೇರೆ ಬಾಬತ್ತುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಇನ್ನು ಡೈಪರ್, ಮಗುವಿನ ಆಹಾರ, ಥರ್ಮಾಮೀಟರ್ ಇವೆಲ್ಲ ವಿಮೆಯವರು ಕೊಡದ ಬಾಬತ್ತುಗಳ ಪಟ್ಟಿಯಲ್ಲಿವೆ. ಆಸ್ಪತ್ರೆಗೆ ಹೊರಡುವಾಗ ಮನೆಯಿಂದಲೇ ಚೀಲಕ್ಕೆ ಹಾಕಿಕೊಳ್ಳಿ. ಒಳಗಿನ ಅಂಗಡಿಯ ಡೈಪರ್ ಪೊಟ್ಟಣಕ್ಕೆ ದುಡ್ಡು ಕೊಡುವವರು ನೀವೇ.

ಔಷಧಿಯ ಮೇಲೆ ಉಳಿಸುವುದು ಹೇಗೆ ಎಂದು ಕೇಳಿದರೆ, ಬೇಡದ್ದನ್ನು ತರದಿರುವುದೇ ದೊಡ್ಡ ಉಳಿತಾಯ. ವೈರಸ್ಸಿನ ನೆಗಡಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕೆಮ್ಮಿನ ಸಿರಪ್ಪಂತೂ ಬೇಡವೇ ಬೇಡ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿಯ ಬೆನ್ನಲ್ಲೇ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧಿ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚ ಜೇನುತುಪ್ಪ, ಮೂಗಿಗೆ ಉಪ್ಪುನೀರಿನ ಹನಿ, ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್ ಸಾಕು. ಜನೌಷಧಿ ಕೇಂದ್ರದಲ್ಲಿ ಪ್ಯಾರಸಿಟಮಾಲ್ ಇನ್ನೂ ಅಗ್ಗ. ‘ಇಮ್ಯುನಿಟಿ ಹೆಚ್ಚಿಸುವ’ ಟಾನಿಕ್ಕು, ಚಾಕಲೇಟ್ ರುಚಿಯ ಪುಡಿಗಳಿಗೆ ಸುರಿಯುವ ದುಡ್ಡಿನಲ್ಲಿ ಹಣ್ಣು ಮೊಟ್ಟೆ ಬರುತ್ತವೆ.

ನಮ್ಮ ಫ್ರಿಜ್ಜಿನ ಮೇಲೆ ಔಷಧಿ ಇಡುವ ಹಳೆಯ ಸ್ಟೀಲ್ ಡಬ್ಬಿಯೊಂದಿದೆ. ಸಿರಪ್ ಬಾಟಲಿ ತೆರೆದ ದಿನವೇ ಬಾಟಲಿಯ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯುತ್ತೇನೆ. ಪ್ಯಾರಸಿಟಮಾಲ್ ಸಿರಪ್ ಐದು ಎಂಎಲ್‌ಗೆ 125 ಎಂಜಿಯದೂ ಇದೆ, 250ರದೂ ಇದೆ. ಎರಡೂ ಬಾಟಲಿ ನೋಡಲು ಒಂದೇ ಥರ, ಅದಕ್ಕೆ 250ರ ಮುಚ್ಚಳಕ್ಕೆ ಕೆಂಪು ಗುರುತು. ನೀರು ಬೆರೆಸಿ ಕಲಸಿದ ಆ್ಯಂಟಿಬಯಾಟಿಕ್ ಉಳಿದರೆ ಎಸೆಯಬೇಕು, ಮುಂದಿನ ಜ್ವರಕ್ಕೆ ಎತ್ತಿಡಬಾರದು. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ನಿಮಿಷಕ್ಕೆ 40 ಅಥವಾ ಹೆಚ್ಚು ಉಸಿರು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುವುದು, ಕುಡಿಯಲು ಒಲ್ಲೆ ಎನ್ನುವುದು, ಮೂತ್ರ ನಿಂತುಹೋಗುವುದು, ಫಿಟ್ಸ್. ಇದರಲ್ಲಿ ಒಂದು ಕಂಡರೂ ಆಸ್ಪತ್ರೆ, ಆಗ ದುಡ್ಡಿನ ಮಾತಿಲ್ಲ. ಈ ಚೀಟಿಯಿಂದ ಸುಮ್ಮಸುಮ್ಮನೆ ರಾತ್ರಿ ಎಮರ್ಜೆನ್ಸಿಗೆ ಓಡುವುದು ನಿಂತಿತು. ಅಲ್ಲಿ ಹಗಲಿನ ಫೀ ಅಲ್ಲ, ರಾತ್ರಿಯ ಫೀ.

ಲಸಿಕೆಯಲ್ಲಿ ಮಾತ್ರ ಜಿಪುಣತನ ಬೇಡ. ಪೆಂಟಾವಲೆಂಟ್, ರೋಟಾ, ನ್ಯುಮೋಕಾಕಲ್, ದಡಾರ-ರುಬೆಲ್ಲಾ, ಒಂದೂವರೆ ವರ್ಷದ ಹೊತ್ತಿನ ಬೂಸ್ಟರ್ ಎಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಅದಕ್ಕೆ ಖಾಸಗಿಯಲ್ಲಿ ಸಾವಿರಾರು ಕೊಡಲೇಬೇಕೆಂದೇನೂ ಇಲ್ಲ. ಅಲ್ಲಿ ಉಳಿದ ದುಡ್ಡನ್ನು ಸರ್ಕಾರಿ ಪಟ್ಟಿಯಲ್ಲಿಲ್ಲದ ಫ್ಲೂ, ಚಿಕನ್‌ಪಾಕ್ಸ್ ಲಸಿಕೆಗಳಿಗೆ ಹಾಕಿ. ಫ್ಲೂ ಲಸಿಕೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಇದನ್ನೂ ಮಳೆಗಿಂತ ಮುಂಚೆ ಮುಗಿಸಬೇಕು.

ರಕ್ತಪರೀಕ್ಷೆಯ ವಿಷಯ. ಡೆಂಗಿ ಜೋರಾಗಿದ್ದ 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಕಟ್ಟಿತು. ಎನ್‌ಎಸ್1 ಎಲೈಸಾಗೆ 300, ಐಜಿಎಂಗೆ 300. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ ಯಾಕೆಂದು ವಿಚಾರಿಸುವ ಹಕ್ಕು ನಿಮಗಿದೆ.

ಮೀಸಲು ದುಡ್ಡಿಗೆ ನಾನು ಮಾಡಿದ್ದು ಸಾದಾ ಕೆಲಸ. ಶಾಲೆಗೆ ಸೇರಿಸುವ ಮೊದಲಿನ ಡಿಸೆಂಬರ್‌ನಲ್ಲಿ ಬ್ಯಾಂಕಿನಲ್ಲಿ ಆರು ತಿಂಗಳ ಆರ್‌ಡಿ, ತಿಂಗಳಿಗೆ 3,000. ಜೂನ್ ಹೊತ್ತಿಗೆ 18,000 ಮತ್ತು ಚೂರು ಬಡ್ಡಿ. ಅದನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಕ್ಲಿನಿಕ್ಕಿನಲ್ಲಿ ಆ ಖಾತೆಯ ಯುಪಿಐಯಿಂದಲೇ ಕೊಡುವುದು. ಮನೆಖರ್ಚಿನ ದುಡ್ಡು ಅಲುಗಲಿಲ್ಲ, ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯಲಿಲ್ಲ. ಗಳಿಕೆ ರಜೆಯಲ್ಲಿ ಒಂದು ಪಾಲನ್ನು ಬೇಸಿಗೆಯ ಊರಿಗೆ ಖಾಲಿ ಮಾಡದೆ ಜುಲೈ-ಆಗಸ್ಟ್‌ಗೆ ಎತ್ತಿಟ್ಟದ್ದು ಆರ್‌ಡಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಎರಡನೇ ವರ್ಷ ಆ ಖಾತೆಯಲ್ಲಿ ಅರ್ಧಕ್ಕೂ ಹೆಚ್ಚು ದುಡ್ಡು ಹಾಗೇ ಉಳಿಯಿತು. ಡಾಕ್ಟರು ಹೇಳಿದ್ದು ಸರಿ.

ಈ ವರ್ಷ ಮಗುವನ್ನು ಸೇರಿಸುವವರು ಅಡ್ಮಿಷನ್ ಫೀ ಕಟ್ಟುವ ಮೊದಲು ಶಾಲೆಯವರನ್ನು ಮೂರು ಪ್ರಶ್ನೆ ಕೇಳಿ. ಮಗು ಎರಡು ವಾರ ಬರದಿದ್ದರೆ ಫೀ, ಊಟ, ವ್ಯಾನಿನ ದುಡ್ಡಿನಲ್ಲಿ ಏನಾದರೂ ಬಿಡುತ್ತೀರಾ? ಜ್ವರ ಬಂದ ಮಗುವನ್ನು ಎಷ್ಟು ಹೊತ್ತು ದೂರ ಇಡುತ್ತೀರಿ? ಒಂದು ಮಗುವಿಗೆ ಅಂಟುರೋಗ ಬಂದರೆ ಉಳಿದ ಪೋಷಕರಿಗೆ ಅವತ್ತೇ ತಿಳಿಸುತ್ತೀರಾ? ಗೊಣ್ಣೆ ಸುರಿಯುವ ಮಗುವನ್ನೂ ‘ಪರವಾಗಿಲ್ಲ ಕಳಿಸಿ’ ಎನ್ನುವ ಶಾಲೆಗಿಂತ, ಮುಲಾಜಿಲ್ಲದೆ ವಾಪಸು ಕಳಿಸುವ ಶಾಲೆ ವರ್ಷದ ಕೊನೆಗೆ ಅಗ್ಗವಾಗುತ್ತದೆ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಫೀ ರಸೀದಿಯ ಜೊತೆಗೆ ಬರೆಹದಲ್ಲಿ ತೆಗೆದುಕೊಳ್ಳಿ.