ಲೋಟದ ಮೇಲಿನ ಹನಿ: ಮಗು ಕೇಳಿದರೆ ಏನು ಹೇಳೋಣ?



ಕೋಡಿಹಳ್ಳಿ ಕಡೆಯ ಒಂದು ಸಂಘದ ಸಭೆ, ಬೇಸಿಗೆಯ ಮಧ್ಯಾಹ್ನ. ಫ್ರಿಜ್ಜಿನ ತಣ್ಣೀರು ತುಂಬಿದ ಸ್ಟೀಲ್ ಲೋಟವನ್ನು ನಮ್ಮ ಮುಂದಿಟ್ಟರು. ಸ್ವಲ್ಪ ಹೊತ್ತಿಗೆ ಲೋಟದ ಹೊರಗೆಲ್ಲಾ ಹನಿ. ಐದು ವರ್ಷದ ಹುಡುಗಿಯೊಬ್ಬಳು, "ಲೋಟ ತೂತಾಗೈತಾ?" ಅಂದಳು. "ಸುಮ್ಕಿರು, ಲೆಕ್ಕ ಬರೀತಾವ್ರೆ" ಎಂದು ತಾಯಿ ಗದರಿದರು. ನಾವು ಬಲ್ಲವರಂತೆ, "ಒಳಗಿನ ನೀರು ಹೊರಗೆ ಬರೋದೇ ಇಲ್ಲ ಕಂದಾ, ಇದು ಗಾಳೀಲಿದ್ದ ನೀರು" ಎಂದೆವು. ಅವಳು ಎದ್ದು ಹೋಗಿ ಮೂಲೆಯ ಮಣ್ಣಿನ ಮಡಕೆ ಮುಟ್ಟಿ, ಒದ್ದೆ ಕೈ ತೋರಿಸಿದಳು. "ಇದೂನಾ?"

ತಪ್ಪು ನಮ್ಮದೇ. ಮಡಕೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಒಳಗಿನ ನೀರೇ ಜಿನುಗುತ್ತದೆ. ಅದು ಆರುವಾಗ ಮಡಕೆಯ ಬಿಸಿಯನ್ನೂ ಎಳೆದುಕೊಂಡು ಹೋಗುವುದರಿಂದ ನೀರು ತಂಪಾಗುತ್ತದೆ. ಸ್ಟೀಲಿನ ಲೋಟದಲ್ಲಿ ನೀರು ಜಿನುಗುವುದಿಲ್ಲ. ಗಾಳಿಯಲ್ಲಿ ಕಾಣದಂತೆ ಸೇರಿರುವ ನೀರಾವಿ ತಣ್ಣನೆಯ ಲೋಟಕ್ಕೆ ತಾಗಿ ಹನಿಯಾಗುತ್ತದೆ. ಮಗು ನಂಬದಿದ್ದರೆ ಎರಡು ಸ್ಟೀಲ್ ಲೋಟ ಒರೆಸಿಡಿ; ಒಂದಕ್ಕೆ ಫ್ರಿಜ್ಜಿನ ನೀರು, ಇನ್ನೊಂದಕ್ಕೆ ಬಕೆಟ್ಟಿನ ನೀರು ಹಾಕಿ. ಸೋರುವುದಾದರೆ ಎರಡೂ ಒದ್ದೆಯಾಗಬೇಕಲ್ಲ? ನೀವು ಹೇಳಬೇಡಿ, ಅದೇ ಮುಟ್ಟಿ ನೋಡಲಿ.

"ನಾನೇನ್ ಓದಿದೀನಿ ಸಿಸ್ಟರ್, ಏನಂತ ಹೇಳ್ಲಿ?" ಎಂದರು ಆ ತಾಯಿ. ಅವರು ರೇಷ್ಮೆ ಸಾಕುವವರು! ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ ಹತ್ತೀತೆಂದು ದಿನವೂ ನೋಡಿ ಹಾಕುವವರು. ರಾತ್ರಿ ಮಳೆಯಿಲ್ಲ, ಆದರೂ ಬೆಳಗ್ಗೆ ಹಿಪ್ಪುನೇರಳೆ ಎಲೆ ಒದ್ದೆ. ರಾತ್ರಿ ತಣ್ಣಗಾದ ಎಲೆಗೆ ಅದೇ ನೀರಾವಿ ತಾಗಿ ಇಬ್ಬನಿಯಾಗಿದೆ. ಮಗುವನ್ನು ಒಮ್ಮೆ ತೋಟಕ್ಕೆ ಕರೆದೊಯ್ದರೆ ಪಾಠ ಅಲ್ಲೇ ಇದೆ.

ಮುದ್ದೆಗೆ ಎಸರಿಟ್ಟಾಗಲೂ ತೋರಿಸಬಹುದು. ಪಾತ್ರೆಯಿಂದ ಬೆಳ್ಳಗೆ ಏಳುವುದನ್ನು ನಾವು ಹೊಗೆ ಅಂತೀವಿ. ಅದು ಹೊಗೆಯಲ್ಲ, ತೀರಾ ಸಣ್ಣ ನೀರಹನಿಗಳು. ಮೋಡವೂ ಹಾಗೇ. ಮುಚ್ಚಳವನ್ನು ನೀವೇ ತೆಗೆಯಿರಿ, ಮಗು ದೂರ ನಿಂತಿರಲಿ. ಹಬೆ ತಾಗಿದರೆ ಎಳೆ ಚರ್ಮ ಕೂಡಲೇ ಸುಡುತ್ತದೆ. ಮುಚ್ಚಳ ಆರಿದ ಮೇಲೆ ಓರೆಯಾಗಿ ಹಿಡಿಯಿರಿ. ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದಪ್ಪಗಾಗಿ ಉದುರುವುದು ಕಾಣುತ್ತದೆ.

ಮುಂದಿನ ಸಭೆಯಲ್ಲಿ ಪ್ರಶ್ನೆ ಕೇಳಿದ್ದು ಆ ತಾಯಿಯೇ. "ಗಾಳೀಲಿ ಅಷ್ಟು ನೀರಿದ್ರೆ ನಮ್ ಮೈಮೇಲ್ ಯಾಕೆ ಹನಿ ಕೂರಲ್ಲ ಸಿಸ್ಟರ್?" ನಾವು ಉತ್ತರಿಸುವ ಮೊದಲೇ ಮಗಳು ಅಮ್ಮನ ಕೆನ್ನೆ ಮುಟ್ಟಿ, "ನೀನು ಬೆಚ್ಗಿದ್ದೀಯಲ್ಲ!" ಅಂದಳು.