ಉಷ್ಣ ಅಂದರೆ ಸಾಕೆ?

ಬಾಯಲ್ಲಿ ಹುಣ್ಣಾದರೆ ನಾವು 'ಉಷ್ಣ' ಎನ್ನುತ್ತೇವೆ. ಕಣ್ಣು ಉರಿದರೂ ಉಷ್ಣ. ಮೂತ್ರ ಉರಿದರೂ ಉಷ್ಣ. ಬಿಳಿ ಸೆರಗು ಹೋದರೂ ಉಷ್ಣ. ಮಾತು ಒಂದೇ. ಆದರೆ ಕಾಯಿಲೆ ಒಂದೇ ಅಲ್ಲ.

ನಮ್ಮ ಜೊತೆ ಓದಲು ಬರುವ ಒಬ್ಬ ತಂಗಿ ಬಸುರಿ. ಆಗ ಅವಳಿಗೆ ಐದು ತಿಂಗಳು. ಮೂತ್ರಕ್ಕೆ ಹೋದರೆ ಉರಿ. ಪದೇ ಪದೇ ಹೋಗಬೇಕು. ಹೋದರೆ ನಾಲ್ಕು ಹನಿ.

"ಉಷ್ಣ ಕಣೆ. ಎಳನೀರು ಕುಡಿ, ನೆತ್ತಿಗೆ ಹರಳೆಣ್ಣೆ ಹಚ್ಚು" ಎಂದು ನಾವೇ ಹೇಳಿದೆವು. ಮೂರು ದಿನವಾದರೂ ಉರಿ ಹೋಗಲಿಲ್ಲ. ಡಾಕ್ಟರ ಹತ್ತಿರ ಹೋದಳು. ಸುತ್ತ ಜನ ಇದ್ದರು.

"ಏನಮ್ಮಾ ತೊಂದರೆ?"

"ಉಷ್ಣ ಆಗೈತೆ ಸಾರ್."

"ಬಾಯಿ ಹುಣ್ಣಾ?"

ನಾಚಿಕೆಯಿಂದ 'ಹೂಂ' ಅಂದುಬಿಟ್ಟಳು. ಬಾಯಿ ಹುಣ್ಣಿನ ಮಾತ್ರೆ ಸಿಕ್ಕಿತು.

ಮಾರನೆಯ ರಾತ್ರಿ ಗಡಗಡ ನಡುಕ, ಜ್ವರ. ಬೆನ್ನಿನ ಒಂದು ಪಕ್ಕ ನೋವು. ವಾಂತಿ. ನಾವು ಹೆದರಿದೆವು. ಆಶಾ ಅಕ್ಕನನ್ನು ಕರೆದೆವು. ಅಕ್ಕ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಕೇಳಿದರು: "ಎಲ್ಲಿ ಉರಿ? ಎಷ್ಟು ದಿನ ಆಯ್ತು?" ಆಗ ಬಾಯಿ ಬಿಟ್ಟಳು. ಅಕ್ಕ ಕೂಡಲೆ 108ಕ್ಕೆ ಫೋನ್ ಮಾಡಿದರು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಆಯಿತು. 'ಯು.ಟಿ.ಐ.' ಎಂದರು. ಅಂದರೆ ಮೂತ್ರದ ದಾರಿಯಲ್ಲಿ ಸೋಂಕು. ಅದು ಮೂತ್ರಪಿಂಡಕ್ಕೂ ಏರಿತ್ತು. ನರ್ಸಮ್ಮ ನಮಗೆ ತಿಳಿಸಿ ಹೇಳಿದರು:

"ಹೆಂಗಸರಿಗೆ ಮೂತ್ರ ಹೊರಬರುವ ನಾಳ ಗಿಡ್ಡ. ರೋಗಾಣು ಬೇಗ ಒಳಗೆ ಹೋಗುತ್ತೆ. ಎಳನೀರು ಕುಡಿಯೋದು ತಪ್ಪಲ್ಲ. ಆದರೆ ಅದರಿಂದ ರೋಗಾಣು ಸಾಯಲ್ಲ. ಔಷಧಿ ಬೇಕು. ಬಸುರಿಯರು ಹಾಗೇ ಬಿಟ್ಟರೆ ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು."

ಔಷಧಿಯಿಂದ ತಂಗಿಗೆ ಗುಣವಾಯಿತು. ದಿನ ತುಂಬಿ ಮಗು ಹುಟ್ಟಿತು.

ಆಸ್ಪತ್ರೆಯ ಮಾತು, ನಮ್ಮ ಮಾತು

ಯೂರಿನ್ – ಮೂತ್ರ
ಇನ್‌ಫೆಕ್ಷನ್ – ಸೋಂಕು
ಕಿಡ್ನಿ – ಮೂತ್ರಪಿಂಡ
ವೈಟ್ ಡಿಸ್‌ಚಾರ್ಜ್ – ಬಿಳಿ ಸೆರಗು
ಲೂಸ್ ಮೋಷನ್ – ಭೇದಿ
ಜಾಂಡೀಸ್ – ಕಾಮಾಲೆ
ಅನೀಮಿಯಾ – ರಕ್ತ ಕಡಿಮೆ
ಕಾಫ್ – ಕೆಮ್ಮು (ಕಫ ಅಲ್ಲ!)

ಡಾಕ್ಟರಿಗೆ ಏನು ಹೇಳಬೇಕು?

1. ಏನಾಗಿದೆ? ನೋವೋ, ಉರಿಯೋ, ತುರಿಕೆಯೋ, ಊತವೋ?
2. ಎಲ್ಲಿ?
3. ಎಷ್ಟು ದಿನದಿಂದ?
4. ಜೊತೆಗೆ ಜ್ವರ, ವಾಂತಿ, ರಕ್ತ ಇದೆಯೆ?
5. ಬಸುರಿಯಾಗಿದ್ದರೆ, ಮುಟ್ಟು ನಿಂತಿದ್ದರೆ, ಅದನ್ನೂ ಹೇಳಬೇಕು.

ಜನರ ಮುಂದೆ ಹೇಳಲು ನಾಚಿಕೆಯೆ? ನರ್ಸಮ್ಮನಿಗೆ ಹೇಳೋಣ. ಇಲ್ಲವೆ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಓದಿ, ನೋಡಿ ಬರೆಯಿರಿ

ಮೂತ್ರ ಉರಿ ಇದೆ.
ಮೂರು ದಿನ ಆಯಿತು.
ನಾನು ಐದು ತಿಂಗಳ ಬಸುರಿ.

ಇಷ್ಟು ಬರೆದು ಕೊಟ್ಟಿದ್ದರೆ ಆ ತಂಗಿಗೆ ಮೊದಲ ದಿನವೇ ಸರಿಯಾದ ಔಷಧಿ ಸಿಗುತ್ತಿತ್ತು. ಮೂರೇ ಸಾಲು.