ನಾಯಿಯ ಮುಂಗಾಲು ಕುಂಟು: ನೋವು ಎಲ್ಲಿದೆ?



ಅರಕಲಗೂಡಿನ ಕಾಫಿ ತೋಟವಿರಲಿ, ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಅಡಿಕೆ, ತೆಂಗಿನ ತೋಟವಿರಲಿ, ರಾತ್ರಿಯ ಕಾವಲು ನಾಯಿಯದೇ. ಅದು ಕುಂಟಿದ ಕೂಡಲೇ ‘ಮುಳ್ಳು ಚುಚ್ಚಿರಬೇಕು’ ಎನ್ನುತ್ತೇವೆ. ಹಾಗೆಂದುಕೊಂಡು ನಾವೂ ಒಮ್ಮೆ ಎಳೆಯ ನಾಯಿಯೊಂದರ ಪಾದಕ್ಕೆ ಅರಿಸಿನ ಹಚ್ಚುತ್ತ ಹದಿನೈದು ದಿನ ಕಳೆದೆವು. ನೋವಿದ್ದದ್ದು ಮೊಣಕೈ ಕೀಲಿನಲ್ಲಿ. ಆದುದರಿಂದ ಔಷಧಕ್ಕೆ ಮೊದಲು ನೋವಿನ ಜಾಗ ಹುಡುಕುವ ಕ್ರಮವನ್ನು ತಿಳಿಯೋಣ.

1. ನಡೆಸಿ ನೋಡುವುದು: ನಾಯಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಕಾಫಿ ಕಣದಂಥ ಗಟ್ಟಿ ನೆಲದಲ್ಲಿ ಹಗ್ಗ ಸಡಿಲಬಿಟ್ಟು ನಡೆಸಿರಿ, ಮೆಲ್ಲಗೆ ಓಡಿಸಿರಿ. ನೋಯುವ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ. ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ತಲೆ ತಗ್ಗಿದ ಕಡೆಯೇ ನೋವೆಂದು ತಪ್ಪು ತಿಳಿಯಬಾರದು.

2. ಮುಟ್ಟಿ ನೋಡುವುದು: ಸಾಧುವಾದ ನಾಯಿಯೂ ನೋವಿನಲ್ಲಿ ಕಚ್ಚೀತು, ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿರಿ. ಒಳ್ಳೆಯ ಕಾಲನ್ನು ಮೊದಲು ಮುಟ್ಟಿ, ಆಮೇಲೆ ಕುಂಟುವ ಕಾಲನ್ನು ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಿರಿ. ಬೆರಳ ಸಂದಿನಲ್ಲಿ ಮುಳ್ಳು, ಉಣ್ಣಿ, ಸೀಳಿದ ಉಗುರು, ಅಂಗಾಲಿನ ಗಾಯ ಇವೆಯೇ? ಇಲ್ಲವಾದರೆ ಮಣಿಕಟ್ಟು, ಮೊಣಕೈ, ಹೆಗಲು ಹೀಗೆ ಒಂದೊಂದೇ ಕೀಲನ್ನು ಮೆಲ್ಲನೆ ಮಡಿಸಿ, ಚಾಚಿ. ಕಾಲು ಎಳೆದುಕೊಂಡ ಜಾಗವನ್ನು ಗುರುತಿಟ್ಟುಕೊಳ್ಳಿರಿ.

3. ವಯಸ್ಸು ನೋಡುವುದು: ಅಲ್ಸೇಷಿಯನ್, ಲ್ಯಾಬ್ರಡಾರ್‌ನಂಥ ದೊಡ್ಡ ಜಾತಿಯ ಮರಿ 4 ರಿಂದ 10 ತಿಂಗಳಲ್ಲಿ ಕುಂಟಿದರೆ ಮೊಣಕೈ ಕೀಲು ಸರಿಯಾಗಿ ಬೆಳೆಯದಿರುವ ಸಂಶಯವಿದೆ. ಕುಂಟು ಇಂದು ಒಂದು ಕಾಲು, ಮುಂದಿನ ವಾರ ಇನ್ನೊಂದು ಎಂದು ಬದಲಾದರೆ, ಬೆಳೆಯುವ ಮೂಳೆಯ ನೋವೋ ಉಣ್ಣಿ ಜ್ವರವೋ ಇರಬಹುದು. ವಯಸ್ಸಾದ ದೊಡ್ಡ ನಾಯಿಗೆ ಮಣಿಕಟ್ಟಿನ ಮೇಲೆ ಅಥವಾ ಹೆಗಲ ಬಳಿ ಗಟ್ಟಿ ಊತ ಬಂದರೆ ಅದು ಮೂಳೆಯ ಕ್ಯಾನ್ಸರ್ ಆಗಿರಬಹುದು, ತಡಮಾಡಬಾರದು. ವಾಹನ ತಗುಲಿದ ಮೇಲೆ ಪಾದ ಹಿಂದಕ್ಕೆ ಮಡಿದು ಎಳೆದಾಡಿದರೆ ನರಕ್ಕೆ ಪೆಟ್ಟಾಗಿರುವ ಲಕ್ಷಣ.

4. ಮಾಡಬಾರದ್ದು: ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಕಾಲನ್ನು ತಿಕ್ಕಿ ನೀವುವುದು, ಬಿಗಿಯಾಗಿ ಕಟ್ಟುವುದು ಸಲ್ಲದು.

ಕಾಲು ಊರದಿದ್ದರೆ, ಜೋತಾಡುತ್ತಿದ್ದರೆ, ಊತ ಅಥವಾ ಜ್ವರವಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿರಿ. ಅಲ್ಪ ಕುಂಟಾದರೆ ಎರಡು ದಿನ ಓಡಾಡಗೊಡದೆ ವಿಶ್ರಾಂತಿ ಕೊಡಿ. ಗುಣ ಕಾಣದಿದ್ದರೆ ವೈದ್ಯರ ಸಲಹೆಯಂತೆ ಎಕ್ಸ್-ರೇ ಮಾಡಿಸಿರಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಎಂದಿನಿಂದ ಕುಂಟು, ಯಾವ ಕಾಲು, ಮಲಗಿ ಎದ್ದಾಗ ಹೆಚ್ಚೋ ಓಡಿದ ಮೇಲೆ ಹೆಚ್ಚೋ ಎಂಬುದನ್ನು ಬರೆದುಕೊಂಡು ಹೋಗಿರಿ. ನಾಯಿ ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಹೇಳಬೇಕಾದವರು ನಾವೇ.